ಒಂದು ಪ್ಲ್ಯಾನಿಂಗ್ ಮಾಡೆಲ್‌ನಿಂದ ಇನ್ನೊಂದಕ್ಕೆ ಡೇಟಾ ಕಾಪಿ: ಕಲಬುರಗಿ ದಾಲ್ ಮಿಲ್ಲಿನ ಲೆಕ್ಕ ಇಟ್ಟುಕೊಂಡು

ಖರೀದಿ ಪ್ಲ್ಯಾನ್ ಒಂದು ಮಾಡೆಲ್‌ನಲ್ಲಿ (ಮಾಡೆಲ್ ಅಂದರೆ ಪ್ಲ್ಯಾನ್ ಅಂಕಿಗಳನ್ನು ಇಡುವ ಡೇಟಾ ರಚನೆ), ಹಣಕಾಸಿನ ಬಜೆಟ್ ಇನ್ನೊಂದು ಮಾಡೆಲ್‌ನಲ್ಲಿ. ಖರೀದಿಯವರು ಜನವರಿ ತಿಂಗಳ ಕ್ವಿಂಟಲ್ ತಿದ್ದಿದ ಕೂಡಲೇ ಅಕೌಂಟ್ಸ್‌ನಲ್ಲಿ ಕೂತವರು ಅದನ್ನು ಎಕ್ಸೆಲ್‌ಗೆ ಇಳಿಸಿ, ಪಿವಟ್ ಹಾಕಿ, ಕಾಲಂ ಹೆಸರು ಬದಲಿಸಿ, ಮತ್ತೆ ಅಪ್‌ಲೋಡ್ ಮಾಡುತ್ತಾರೆ. ಮುಂದಿನ ವಾರ ಮತ್ತೆ ಅದೇ ಕೆಲಸ. ಎಸ್‌ಎಪಿ ಅನಲಿಟಿಕ್ಸ್ ಕ್ಲೌಡ್, ಅಂದರೆ ಎಲ್ಲರೂ ಸ್ಯಾಕ್ ಅಂತ ಕರೆಯುವ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಒಳಗೇ ದಾರಿ ಇದೆ. ಡೇಟಾ ಆಕ್ಷನ್, ಅಂದರೆ ಅಂಕಿಗಳ ಮೇಲೆ ಒಂದರ ಹಿಂದೊಂದು ನಡೆಯುವ ಸ್ಟೆಪ್‌ಗಳ ಪಟ್ಟಿ, ಮಾಡಿ, ಅದರೊಳಗೆ ಕ್ರಾಸ್ ಮಾಡೆಲ್ ಕಾಪಿ ಅನ್ನುವ ಸ್ಟೆಪ್ ಹಾಕಬೇಕು. ಆ ಸ್ಟೆಪ್ ಹಾಕುವುದು ಸಣ್ಣ ಕೆಲಸ. ಕಷ್ಟ ಇರುವುದು ಅದಕ್ಕೂ ಮುಂಚೆ, ಇಲ್ಲಿಯ ಒಂದು ಸಾಲು ಅಲ್ಲಿಗೆ ಹೋಗಿ ಯಾವ ಸಾಲಾಗಬೇಕು ಅಂತ ತೀರ್ಮಾನಿಸುವುದರಲ್ಲಿ. ಜಾಸ್ತಿ ಜನ ಅದನ್ನು ಬಿಟ್ಟು ನೇರ ಬಟನ್ ಹುಡುಕುತ್ತಾರೆ.

ಉದಾಹರಣೆಗೆ ಒಂದು ದಾಲ್ ಮಿಲ್ ಇಟ್ಟುಕೊಳ್ಳೋಣ. ಕಲಬುರಗಿಯಲ್ಲಿ ಕೂತು ಬರೆಯುವಾಗ ಬೇರೆ ಉದಾಹರಣೆ ಯಾಕೆ ಬೇಕು? ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಬೇರೆ ಸಿಕ್ಕಿದೆ. ಮಿಲ್ಲು ಕಾಲ್ಪನಿಕ, ಅದರ ಕ್ವಿಂಟಲ್ಲು ಮತ್ತು ದರ ಕೂಡ ಲೆಕ್ಕ ತೋರಿಸಲು ಹಾಕಿಕೊಂಡದ್ದು. ಖರೀದಿ ಮಾಡೆಲ್‌ನಲ್ಲಿ ತಿಂಗಳು, ವರ್ಷನ್ (ಬಜೆಟ್, ಫೋರ್‌ಕಾಸ್ಟ್ ತರಹ ಪ್ಲ್ಯಾನ್‌ನ ಒಂದೊಂದು ಪ್ರತಿ), ತಾಲೂಕು, ಅಡತಿ ಅಂಗಡಿ (ಕಮಿಷನ್ ಏಜೆಂಟರ ಅಂಗಡಿ) ಇವೆ. ಅಳತೆಗಳಾಗಿ ಕ್ವಿಂಟಲ್, ದರ, ಮೊತ್ತ. ಬಜೆಟ್ ಮಾಡೆಲ್‌ನಲ್ಲಿ ತಿಂಗಳು, ವರ್ಷನ್, ಜಿಲ್ಲೆ, ಖಾತೆ, ಕಾಸ್ಟ್ ಸೆಂಟರ್ (ಖರ್ಚು ಯಾವ ವಿಭಾಗದ್ದು ಅನ್ನುವುದು). ಎರಡೂ ಕಡೆ ಒಂದೇ ತೊಗರಿ, ನೋಡುವ ಕಣ್ಣು ಮಾತ್ರ ಬೇರೆ.

ಮೊದಲ ಪ್ರಶ್ನೆ: ಕಾಪಿ ಬೇಕೇ ಬೇಕಾ?

ಸುಮ್ನೆ ಎರಡನ್ನೂ ಪಕ್ಕಪಕ್ಕ ನೋಡಬೇಕು ಅಷ್ಟೇ ಅಂದರೆ ಕಾಪಿ ಮಾಡಬೇಡಿ. ಒಂದೇ ಸ್ಟೋರಿಯಲ್ಲಿ, ಅಂದರೆ ಸ್ಯಾಕ್‌ನ ವರದಿ ಪುಟದಲ್ಲಿ, ಎರಡು ಮಾಡೆಲ್ ಸೇರಿಸಬಹುದು, ತಿಂಗಳು ಮತ್ತು ಜಿಲ್ಲೆಯನ್ನು ಲಿಂಕ್ ಮಾಡಿ ಒಂದೇ ಟೇಬಲ್‌ನಲ್ಲಿ ತೋರಿಸಬಹುದು. ಡೇಟಾ ಅದರದರ ಜಾಗದಲ್ಲೇ ಇರುತ್ತದೆ, ಯಾವಾಗ ನೋಡಿದರೂ ಹೊಸದು.

ಕಾಪಿ ಬೇಕಾಗುವುದು ಆ ಅಂಕಿಯ ಮೇಲೆ ಅಲ್ಲಿ ಮುಂದಿನ ಪ್ಲ್ಯಾನಿಂಗ್ ಕೆಲಸ ಇದ್ದಾಗ. ತೊಗರಿ ಖರೀದಿಯ ಮೊತ್ತ ಬಜೆಟ್‌ಗೆ ಬಂದ ಮೇಲೆ ಅದಕ್ಕೆ ಬ್ಯಾಂಕ್ ಬಡ್ಡಿ ಕಟ್ಟಬೇಕು, ಗೋದಾಮು ಖರ್ಚು ಹಂಚಬೇಕು, ತಿಂಗಳ ನಗದು ಹರಿವು ತೆಗೆಯಬೇಕು. ಅಥವಾ ಖರೀದಿಯವರು ದಿನವೂ ತಿದ್ದುತ್ತಿದ್ದರೂ ಬಜೆಟ್ ಮಾತ್ರ ಒಂದು ದಿನದ ಅಂಕಿಗೆ ನಿಲ್ಲಬೇಕು. ಇನ್ನೊಂದು ಕಾರಣವೂ ಇದೆ. ಯಾವ ಅಡತಿ ಅಂಗಡಿಯಿಂದ ಯಾವ ದರಕ್ಕೆ ಕೊಳ್ಳುತ್ತೇವೆ ಅನ್ನುವುದು ಎಲ್ಲರೂ ನೋಡುವ ಮಾತಲ್ಲ. ಬಜೆಟ್ ನೋಡುವವರಿಗೆ ಜಿಲ್ಲೆಯ ಮೊತ್ತ ಸಾಕು.

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಹಾಳೆ

ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಳೆ ಅಂಗಡಿಗಳಲ್ಲಿ ಮುನೀಮರು ಕಿರ್ದಿಯಿಂದ ಖತಾವಣಿಗೆ ಏರಿಸುತ್ತಿದ್ದರಲ್ಲ, ಇದು ಅದೇ ಕೆಲಸ. ಕಿರ್ದಿಯಲ್ಲಿ ದಿನದ ವ್ಯವಹಾರ ಬಂದ ಹಾಗೆ ಬರೆದಿರುತ್ತದೆ, ಖತಾವಣಿಯಲ್ಲಿ ಖಾತೆವಾರು. ಯಾವ ಸಾಲು ಯಾವ ಖಾತೆಗೆ ಅನ್ನುವುದು ಮುನೀಮರ ತಲೆಯಲ್ಲಿ ಇರುತ್ತಿತ್ತು. ಸಾಫ್ಟ್‌ವೇರ್‌ಗೆ ಆ ತಲೆ ಇಲ್ಲ, ನೀವೇ ಬರೆದುಕೊಡಬೇಕು.

ಹಾಳೆಯ ಎಡಕ್ಕೆ ಮೂಲ ಮಾಡೆಲ್‌ನ (ಇಲ್ಲಿ ಖರೀದಿ) ಡೈಮೆನ್ಷನ್‌ಗಳು, ಅಂದರೆ ತಿಂಗಳು, ತಾಲೂಕು ತರಹದ ವಿಂಗಡಣೆಗಳು, ಬಲಕ್ಕೆ ಗುರಿ ಮಾಡೆಲ್‌ನವು (ಇಲ್ಲಿ ಬಜೆಟ್). ಗೆರೆ ಎಳೆಯಿರಿ. ಮೂರು ಬಗೆ ಸಿಗುತ್ತವೆ: ಎರಡೂ ಕಡೆ ಇರುವವು, ಎಡಕ್ಕೆ ಮಾತ್ರ ಇರುವವು, ಬಲಕ್ಕೆ ಮಾತ್ರ ಇರುವವು. ಮೂರಕ್ಕೂ ಬೇರೆ ಬೇರೆ ಗತಿ.

ಎರಡೂ ಕಡೆ ಒಂದೇ ಪಬ್ಲಿಕ್ ಡೈಮೆನ್ಷನ್ (ಹಲವು ಮಾಡೆಲ್‌ಗಳು ಹಂಚಿಕೊಳ್ಳುವ ಪಟ್ಟಿ) ಬಳಸಿದ್ದರೆ ನಿಮ್ಮ ಪುಣ್ಯ, ಹೊಂದಿಸುವ ತಾಪತ್ರಯವೇ ಇಲ್ಲ. ಹೊಸದಾಗಿ ಮಾಡೆಲ್ ಕಟ್ಟುವವರು ಇದನ್ನು ಮೊದಲೇ ಯೋಚಿಸಿದರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ. ಆದರೆ ಸಾಮಾನ್ಯವಾಗಿ ಖರೀದಿಯವರ ಮಾಡೆಲ್ ಒಬ್ಬರು ಕಟ್ಟಿರುತ್ತಾರೆ, ಬಜೆಟ್ ಇನ್ನೊಬ್ಬರು, ಇಬ್ಬರ ಜಿಲ್ಲೆ ಪಟ್ಟಿಯೂ ಬೇರೆ. ಸಾಫ್ಟ್‌ವೇರ್ ನೋಡುವುದು ಮೆಂಬರ್ ಐಡಿಯನ್ನು, ಅಂದರೆ ಪಟ್ಟಿಯ ಒಂದೊಂದು ಸಾಲಿಗೆ ಒಳಗೆ ಕೊಟ್ಟ ಗುರುತನ್ನು, ಪಕ್ಕದಲ್ಲಿ ಕಾಣುವ ವಿವರಣೆಯನ್ನಲ್ಲ. ಪರದೆಯ ಮೇಲೆ ಎರಡೂ ಕಡೆ ಕಲಬುರಗಿ ಅಂತಲೇ ಕಂಡರೂ ಒಂದರ ಐಡಿ ಹಳೆ ಗುಲ್ಬರ್ಗ ಹೆಸರಿನದು, ಇನ್ನೊಂದರದು ಹೊಸದು ಆಗಿದ್ದರೆ ಅವೆರಡು ಅದಕ್ಕೆ ಬೇರೆ ಊರು. ಊರಿನ ಹೆಸರು 2014ರಲ್ಲಿ ಬದಲಾಯಿತು, ಅದಕ್ಕೂ ಹಳೆಯ ಮಾಸ್ಟರ್ ಡೇಟಾ (ಊರು, ಖಾತೆಗಳ ಮೂಲ ಪಟ್ಟಿ) ಇಂದಿಗೂ ಎಷ್ಟೋ ಕಡೆ ಹಾಗೇ ಇದೆ.

ನಮ್ಮ ಕಡೆ ಇನ್ನೂ ಒಂದು ಗೋಜಲಿದೆ. ಯಾದಗಿರಿ 2009ರ ಕೊನೆಗೆ ಬೇರೆ ಜಿಲ್ಲೆ ಆಯಿತು. ಅದಕ್ಕೂ ಹಿಂದಿನ ಅಂಕಿಗಳಲ್ಲಿ ಶಹಾಪುರ, ಸುರಪುರ ಎಲ್ಲ ಗುಲ್ಬರ್ಗದ ಹೊಟ್ಟೆಯೊಳಗೇ ಇವೆ. ಆಮೇಲೆ ಹೊಸ ತಾಲೂಕುಗಳು ಬಂದವು. ಕಮಲಾಪುರ ಮೊದಲು ಕಲಬುರಗಿ ತಾಲೂಕಿನಲ್ಲಿತ್ತು, ಯಡ್ರಾಮಿ ಜೇವರ್ಗಿಯಲ್ಲಿ, ಶಹಾಬಾದ್ ಚಿತ್ತಾಪುರದಲ್ಲಿ. ಬೀದರ್ ಕಡೆ ಹುಲಸೂರು, ಕಮಲನಗರ, ಚಿಟಗುಪ್ಪ ಹೀಗೇ ಹೊಸ ತಾಲೂಕುಗಳಾದವು. ಖರೀದಿಯವರ ಪಟ್ಟಿಯಲ್ಲಿ ಹೊಸ ತಾಲೂಕು ಇದ್ದು ಬಜೆಟ್ ಪಟ್ಟಿಯಲ್ಲಿ ಹಳೆಯದಷ್ಟೇ ಇದ್ದರೆ ಏನು ಮಾಡುವುದು? ಒಂದೊಂದಕ್ಕೂ ಕೈಯಿಂದ ನಿಯಮ ಬರೆಯುತ್ತಾ ಕೂರಬೇಡಿ. ಮೂಲದ ತಾಲೂಕು ಡೈಮೆನ್ಷನ್‌ಗೆ ಒಂದು ಪ್ರಾಪರ್ಟಿ, ಅಂದರೆ ಹೆಚ್ಚಿನ ವಿವರದ ಕಾಲಂ, ಸೇರಿಸಿ, ಬಜೆಟ್ ಜಿಲ್ಲೆ ಅಂತ ಹೆಸರಿಡಿ, ಪ್ರತಿ ತಾಲೂಕಿನ ಎದುರು ಗುರಿ ಮಾಡೆಲ್‌ನ ಐಡಿಯನ್ನು ಅಕ್ಷರ ತಪ್ಪದೆ ತುಂಬಿ. ಕಾಪಿ ಸ್ಟೆಪ್‌ನಲ್ಲಿ ತಾಲೂಕಿನ ಬದಲು ಆ ಪ್ರಾಪರ್ಟಿಯನ್ನೇ ಜಿಲ್ಲೆಗೆ ಜೋಡಿಸಬಹುದು. ನಾಳೆ ಇನ್ನೊಂದು ತಾಲೂಕು ಹುಟ್ಟಿದರೆ ಮಾಸ್ಟರ್ ಡೇಟಾದಲ್ಲಿ ಒಂದು ಸಾಲು ತುಂಬಿದರೆ ಆಯಿತು, ಡೇಟಾ ಆಕ್ಷನ್ ಮುಟ್ಟುವ ಹಾಗೇ ಇಲ್ಲ.

ಆ ಪ್ರಾಪರ್ಟಿಯಲ್ಲಿ ಖಾಲಿ ಬಿಟ್ಟ ಸಾಲು ಇದೆಯಾ ಅಂತ ಪ್ರತಿ ಸಲ ನೋಡಿ. ಲೆಕ್ಕ ಹೊಂದದಿದ್ದಾಗ ನಾನು ಮೊದಲು ಕೈ ಹಾಕುವ ಜಾಗ ಅದೇ.

ದರವನ್ನು ಕಾಪಿ ಮಾಡಬೇಡಿ

ಎಡಕ್ಕೆ ಮಾತ್ರ ಇರುವ ಡೈಮೆನ್ಷನ್, ನಮ್ಮಲ್ಲಿ ಅಡತಿ ಅಂಗಡಿ, ಕಾಪಿ ಆಗುವಾಗ ಮಾಯ ಆಗುತ್ತದೆ. ಅದರ ಸಾಲುಗಳೆಲ್ಲ ಕೂಡಿ ಒಂದಾಗುತ್ತವೆ. ಕ್ವಿಂಟಲ್ ಕೂಡಿದರೆ ತೊಂದರೆ ಇಲ್ಲ. ರೂಪಾಯಿ ಕೂಡಿದರೂ ತೊಂದರೆ ಇಲ್ಲ. ದರ ಕೂಡಿದರೆ?

ಆಳಂದದಲ್ಲಿ 400 ಕ್ವಿಂಟಲ್, ದರ 7,900. ಸೇಡಂನಲ್ಲಿ 600 ಕ್ವಿಂಟಲ್, ದರ 8,100. ಎರಡೂ ಕಲಬುರಗಿ ಜಿಲ್ಲೆಗೆ ಸೇರಿದಾಗ ಕ್ವಿಂಟಲ್ 1,000 ಆಗುತ್ತದೆ, ಸರಿ. ದರ 16,000 ಆಗುತ್ತದೆ! ಸರಾಸರಿ ತೆಗೆದರೆ 8,000 ಅಂತ ಯಾರೋ ಹೇಳುತ್ತಾರೆ, ಅದೂ ತಪ್ಪು. ಆಳಂದದ ಮೊತ್ತ 31,60,000, ಸೇಡಂನದು 48,60,000, ಕೂಡಿದರೆ 80,20,000. ಅದನ್ನು 1,000ದಿಂದ ಭಾಗಿಸಿದರೆ 8,020. ಸರಿಯಾದ ದರ ಇದು. ಕ್ವಿಂಟಲ್‌ಗೆ 20 ರೂಪಾಯಿ ವ್ಯತ್ಯಾಸ ಸಣ್ಣದು ಅನಿಸಬಹುದು, ಆದರೆ ಹಂಗಾಮಿನ ಪೂರ್ತಿ ಖರೀದಿಗೆ ಗುಣಿಸಿ ನೋಡಿ, ಬ್ಯಾಂಕ್‌ಗೆ ಕೊಡುವ ಲೆಕ್ಕದಲ್ಲಿ ಅದು ಎದ್ದು ಕಾಣುತ್ತದೆ.

ಹಾಗಾಗಿ ಕ್ವಿಂಟಲ್ ಮತ್ತು ಮೊತ್ತ ಇವೆರಡನ್ನು ಮಾತ್ರ ಒಯ್ಯಿರಿ. ದರವನ್ನು ಬಜೆಟ್ ಮಾಡೆಲ್‌ನಲ್ಲಿ ಮೊತ್ತ ಭಾಗಿಸು ಕ್ವಿಂಟಲ್ ಅಂತ ಫಾರ್ಮುಲಾ ಬರೆದು ಅಲ್ಲೇ ಹುಟ್ಟಿಸಿ. ಶೇಕಡಾವಾರು ಯಾವುದೇ ಇರಲಿ, ಇಳುವರಿ, ತೇವಾಂಶ ಕಡಿತ, ಬಡ್ಡಿ ದರ, ಎಲ್ಲಕ್ಕೂ ಇದೇ ಮಾತು. ಬೆಂಬಲ ಬೆಲೆ ಮಾತ್ರ ಬೇರೆ ತರಹದ್ದು. 2024-25ಕ್ಕೆ ತೊಗರಿಗೆ 7,550 ರೂಪಾಯಿ ಇದ್ದದ್ದು 2025-26ಕ್ಕೆ 8,000 ಆಯಿತಲ್ಲ, ಅದು ತಾಲೂಕು ತಾಲೂಕಿಗೆ ಬದಲಾಗುವ ಅಂಕಿಯಲ್ಲ. ವರ್ಷಕ್ಕೊಂದೇ. ಅದನ್ನು ಎರಡೂ ಕಡೆ ಇಟ್ಟುಕೊಳ್ಳದೆ ಒಂದೇ ಕಡೆ ಇಟ್ಟು ಅಲ್ಲಿಂದ ಓದುವುದು ಒಳ್ಳೆಯದು. ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಬಲಕ್ಕೆ ಮಾತ್ರ ಇರುವವು

ಕಾಸ್ಟ್ ಸೆಂಟರ್ ಖರೀದಿ ಮಾಡೆಲ್‌ನಲ್ಲಿ ಇಲ್ಲ. ಗುರಿಯಲ್ಲಿ ಇದೆ. ಅಂಕಿ ಎಲ್ಲಾದರೂ ಕೂರಲೇಬೇಕಲ್ಲ, ಅದಕ್ಕೆ ಒಂದು ಡೀಫಾಲ್ಟ್ ಮೆಂಬರ್ ಕೊಡಬೇಕು. ಸುಮ್ಮನೆ ಬಿಟ್ಟರೆ ಅನ್‌ಅಸೈನ್ಡ್ ಅನ್ನುವ ಸಾಲಿಗೆ ಹೋಗಿ ಬೀಳುತ್ತದೆ. ಅಲ್ಲಿ ಆಗಲೇ ಹತ್ತಾರು ಕಡೆಯ ಹೆಸರಿಲ್ಲದ ಅಂಕಿಗಳು ಬಿದ್ದಿರುತ್ತವೆ, ಯಾವುದು ಯಾರದು ಅಂತ ಗುರುತು ಸಿಗುವುದಿಲ್ಲ. ಕಚ್ಚಾ ಮಾಲು ಅಂತಲೋ ಖರೀದಿ ವಿಭಾಗ ಅಂತಲೋ ಒಂದು ನಿಜವಾದ ಕಾಸ್ಟ್ ಸೆಂಟರ್ ಕೊಡಿ. ಅದು ಮರದ ತುದಿಯ ಮೆಂಬರ್ ಆಗಿರಬೇಕು, ಕೆಳಗೆ ಮಕ್ಕಳಿರುವ ಒಟ್ಟು ಸಾಲು ಆಗಬಾರದು.

ಇಲ್ಲಿ ನನ್ನದೊಂದು ಹಟ ಇದೆ. ಗುರಿ ಮಾಡೆಲ್‌ನಲ್ಲಿ ಡೇಟಾ ಮೂಲ ಅಂತ ಒಂದು ಸಣ್ಣ ಡೈಮೆನ್ಷನ್ ಇಡಿ. ಅದರಲ್ಲಿ ಮೂರು ನಾಲ್ಕು ಮೆಂಬರ್ ಸಾಕು: ಖರೀದಿಯಿಂದ ಬಂದದ್ದು, ಮಾರಾಟದಿಂದ ಬಂದದ್ದು, ಕೈಯಿಂದ ತುಂಬಿದ್ದು, ಹೊಂದಾಣಿಕೆ. ಕಾಪಿ ಯಾವಾಗಲೂ ಖರೀದಿಯಿಂದ ಬಂದದ್ದು ಅನ್ನುವುದರ ಮೇಲೆ ಮಾತ್ರ ಬರೆಯಲಿ. ಅಕೌಂಟ್ಸ್‌ನವರು ಏನಾದರೂ ತಿದ್ದಬೇಕೆಂದರೆ ಹೊಂದಾಣಿಕೆಯಲ್ಲಿ ತಿದ್ದಲಿ. ಲಾಭ ಏನು ಅಂದರೆ, ನೀವು ದಿನಕ್ಕೆ ಎಷ್ಟು ಸಲ ಕಾಪಿ ಓಡಿಸಿದರೂ ಅವರು ಕೈಯಿಂದ ಹಾಕಿದ ಅಂಕಿ ಅಳಿಸಿಹೋಗುವುದಿಲ್ಲ, ಮತ್ತು ಎಂಡಿ ಸಾಹೇಬರು ಈ 80 ಲಕ್ಷ ಎಲ್ಲಿಂದ ಬಂತ್ರೀ ಅಂತ ಕೇಳಿದರೆ ಟೇಬಲ್‌ನಲ್ಲಿ ಒಂದು ಡೈಮೆನ್ಷನ್ ಎಳೆದು ತೋರಿಸಬಹುದು. ಮಾಡೆಲ್ ಕಟ್ಟುವವರು ಇನ್ನೊಂದು ಡೈಮೆನ್ಷನ್ ಯಾಕೆ ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ.

ಈಗ ಡೇಟಾ ಆಕ್ಷನ್

ಮೆನುವಿನಲ್ಲಿ ಡೇಟಾ ಆಕ್ಷನ್ಸ್ ತೆರೆದು ಹೊಸದೊಂದು ಮಾಡಿ. ಅದು ಮೊದಲು ಡೀಫಾಲ್ಟ್ ಮಾಡೆಲ್ ಕೇಳುತ್ತದೆ. ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ, ಡೇಟಾ ಎಲ್ಲಿಂದ ಹೊರಡುತ್ತದೋ ಅದನ್ನು ಆರಿಸುತ್ತಾರೆ. ಅದಲ್ಲ. ಡೇಟಾ ಎಲ್ಲಿ ಹೋಗಿ ಸೇರಬೇಕೋ ಅದು, ಅಂದರೆ ಬಜೆಟ್ ಮಾಡೆಲ್. ಕ್ರಾಸ್ ಮಾಡೆಲ್ ಕಾಪಿ ಬರೆಯುವುದು ಡೀಫಾಲ್ಟ್ ಮಾಡೆಲ್‌ನ ಒಳಕ್ಕೆ. ಮೂಲ ಮಾಡೆಲ್ ಯಾವುದು ಅಂತ ಸ್ಟೆಪ್‌ನ ಒಳಗೆ ಹೋದ ಮೇಲೆ ಕೇಳುತ್ತದೆ.

ಸ್ಟೆಪ್ ಸೇರಿಸಿ, ಖರೀದಿ ಮಾಡೆಲ್ ಆರಿಸಿದ ಮೇಲೆ ಫಿಲ್ಟರ್‌ಗಳು. ಯಾವ ವರ್ಷನ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಅಳತೆ. ಇವನ್ನು ಗಟ್ಟಿಯಾಗಿ ಬರೆದಿಡಬೇಡಿ, ಪ್ಯಾರಾಮೀಟರ್ ಮಾಡಿ. ಈ ವರ್ಷ 2025-26 ಅಂತ ಒಳಗೆ ಬರೆದು ಬಿಟ್ಟರೆ ಮುಂದಿನ ವರ್ಷ ಇದನ್ನು ಯಾರು ಕಟ್ಟಿದ್ದು ಅಂತ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಪ್ಯಾರಾಮೀಟರ್ ಇದ್ದರೆ ಓಡಿಸುವವರು ಪ್ರತಿ ಸಲ ಆರಿಸಿಕೊಳ್ಳುತ್ತಾರೆ. ವರ್ಷನ್ ವಿಷಯದಲ್ಲಿ ಒಂದು ಮಾತು: ಮೂಲದ ವರ್ಷನ್ ಫಿಲ್ಟರ್‌ನಲ್ಲಿ ಹೇಳಬೇಕು, ಗುರಿಯ ವರ್ಷನ್ ಮಾತ್ರ ಓಡಿಸುವ ಹೊತ್ತಿಗೆ ಕೇಳುತ್ತದೆ. ಹೆಸರು ಒಂದೇ ಇರಬೇಕು ಅಂತ ಏನೂ ಇಲ್ಲ. ಖರೀದಿಯವರ ಫೋರ್‌ಕಾಸ್ಟ್ ಅನ್ನು ಬಜೆಟ್‌ನ ಬೇರೆ ವರ್ಷನ್‌ಗೆ ತರಬಹುದು.

ಆಮೇಲೆ ಜೋಡಣೆ. ಹಾಳೆಯಲ್ಲಿ ಎಳೆದ ಗೆರೆಗಳನ್ನೇ ಇಲ್ಲಿ ಎಳೆಯುವುದು, ಹೊಸದೇನೂ ಇಲ್ಲ. ಖಾತೆಗೆ ಬಂದಾಗ ಸ್ವಲ್ಪ ನಿಲ್ಲಿ. ಮೂಲದಲ್ಲಿ ಮೊತ್ತ ಅನ್ನುವುದು ಒಂದು ಅಳತೆ, ಗುರಿಯಲ್ಲಿ ತೊಗರಿ ಖರೀದಿ ಅನ್ನುವುದು ಒಂದು ಖಾತೆ. ಯಾವ ಅಳತೆ ಯಾವ ಖಾತೆಗೆ ಅಂತ ಒಂದೊಂದಾಗಿ ಹೇಳಬೇಕು. ಖಾತೆಯ ಬಗೆ ಆದಾಯವೋ ಖರ್ಚೋ ಅನ್ನುವುದರ ಮೇಲೆ ಪ್ಲಸ್ ಮೈನಸ್ ಚಿಹ್ನೆಯ ಆಟವೂ ಇದೆ. ಆದಾಯದ ಖಾತೆಗಳು ಒಳಗೆ ಕೂತಿರುವ ಚಿಹ್ನೆಯೇ ಬೇರೆ, ಪರದೆಯ ಮೇಲೆ ಕಾಣುವುದೇ ಬೇರೆ ಆಗಬಹುದು. ಖರೀದಿಗೆ ಇದು ಅಷ್ಟು ಕಾಡುವುದಿಲ್ಲ. ಆದರೆ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಪುಡಿ, ಸಿಪ್ಪೆ) ಮಾರಿದ ಆದಾಯವನ್ನು ಅದೇ ದಾರಿಯಲ್ಲಿ ತರುವಾಗ ಒಂದೇ ಒಂದು ಸಾಲು ತಂದು ಚಿಹ್ನೆ ನೋಡಿ, ಆಮೇಲೆ ಉಳಿದದ್ದು ತನ್ನಿ.

ಓವರ್‌ರೈಟ್ ಮತ್ತು ಅಪೆಂಡ್ ಅಂತ ಎರಡು ಆಯ್ಕೆ ಇವೆ. ಅಪೆಂಡ್ ಅಂದರೆ ಇದ್ದದ್ದಕ್ಕೆ ಕೂಡಿಸುವುದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓಡಿಸಿದರೆ 80,20,000 ಹೋಗಿ 1,60,40,000 ಆಗುತ್ತದೆ. ಎರಡು ಮೂಲಗಳಿಂದ ಒಂದೇ ಖಾತೆಗೆ ತರುವಾಗ ಮಾತ್ರ ಅಪೆಂಡ್ ಬೇಕು, ಅದೂ ಎರಡನೆಯ ಸ್ಟೆಪ್‌ನಲ್ಲಿ. ಮಾಮೂಲಿ ಕೆಲಸಕ್ಕೆ ಓವರ್‌ರೈಟ್.

ಆದರೆ ಓವರ್‌ರೈಟ್ ಇದೆ ಅಂತ ನಿಶ್ಚಿಂತೆ ಬೇಡ. ಯೋಚಿಸಿ: ಹೋದ ವಾರ ಅಫಜಲಪುರ, ಬಸವಕಲ್ಯಾಣ ಎರಡೂ ಕಡೆ ಖರೀದಿ ಇತ್ತು, ಎರಡೂ ಕಾಪಿ ಆದವು. ಈ ವಾರ ಬಸವಕಲ್ಯಾಣದ್ದನ್ನು ಪೂರ್ತಿ ಅಳಿಸಿದರು. ಮೂಲದಲ್ಲಿ ಬೀದರ್ ಜಿಲ್ಲೆಯ ಸಾಲೇ ಇಲ್ಲ ಈಗ. ಇಲ್ಲದ ಸಾಲು ಇರುವ ಸಾಲಿನ ಮೇಲೆ ಹೇಗೆ ಬರೆಯುತ್ತದೆ? ಹಳೆಯ ಅಂಕಿ ಗುರಿಯಲ್ಲಿ ಹಾಗೇ ಉಳಿದು, ಯಾರಿಗೂ ಗೊತ್ತಾಗದೆ ಮೊತ್ತದಲ್ಲಿ ಸೇರಿಕೊಂಡಿರಬಹುದು. ಅದಕ್ಕೇ ಕಾಪಿಗೆ ಮುಂಚೆ ಅಳಿಸುವ ಸ್ಟೆಪ್ ಒಂದನ್ನು ಹಾಕಿ. ಅಡ್ವಾನ್ಸ್ಡ್ ಫಾರ್ಮುಲಾ (ಲೆಕ್ಕವನ್ನು ಸ್ಕ್ರಿಪ್ಟ್ ಆಗಿ ಬರೆಯುವ) ಸ್ಟೆಪ್ ತೆಗೆದು, ಯಾವ ಸಾಲುಗಳು ಅಂತ ಹೇಳುವ ಮೆಂಬರ್‌ಸೆಟ್‌ನಿಂದ ಗಡಿ ಹಾಕಿ, ಡಿಲೀಟ್ ಫಂಕ್ಷನ್ ಬರೆಯಿರಿ. ಗಡಿಯಲ್ಲಿ ಮೂರು ಇರಲೇಬೇಕು: ಆ ತಿಂಗಳುಗಳು, ಆ ಖಾತೆಗಳು, ಡೇಟಾ ಮೂಲದಲ್ಲಿ ಖರೀದಿಯಿಂದ ಬಂದದ್ದು. ತಿಂಗಳಿಗೆ ಕಾಪಿಗೆ ಕೊಟ್ಟ ಪ್ಯಾರಾಮೀಟರನ್ನೇ ಇಲ್ಲಿಯೂ ಕೊಡಿ. ಗಡಿ ಹಾಕದೆ ಡಿಲೀಟ್ ಬರೆದರೆ ಅಕೌಂಟ್ಸ್‌ನವರು ಕೈಯಿಂದ ತುಂಬಿದ್ದೂ ಅದರ ಜೊತೆ ಹೋಗುತ್ತದೆ. ಅಳಿಸು, ಆಮೇಲೆ ತಾ. ಈ ಎರಡು ಸ್ಟೆಪ್ ಯಾವಾಗಲೂ ಜೋಡಿ.

ತಿಂಗಳು, ವರ್ಷ

ತೊಗರಿ ಜೂನ್ ಜುಲೈನಲ್ಲಿ ಬಿತ್ತನೆ, ಡಿಸೆಂಬರ್ ಜನವರಿಯಲ್ಲಿ ಕಟಾವು. ಖರೀದಿಯ ಜೋರು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಮಿಲ್ಲು ಓಡುವುದು, ಬೇಳೆ ಮಾರುವುದು ಅದರಾಚೆಗೂ. ಹಾಗಾಗಿ ಒಂದು ಹಂಗಾಮು ಎರಡು ಹಣಕಾಸು ವರ್ಷಗಳಲ್ಲಿ ಕಾಲಿಟ್ಟಿರುತ್ತದೆ. ಖರೀದಿಯವರು ತಮ್ಮ ಮಾಡೆಲ್‌ನಲ್ಲಿ ಕ್ಯಾಲೆಂಡರ್ ವರ್ಷ ಇಟ್ಟುಕೊಂಡು, ಬಜೆಟ್‌ನವರು ಏಪ್ರಿಲ್‌ನಿಂದ ಶುರುವಾಗುವ ಫಿಸ್ಕಲ್ ವರ್ಷ ಇಟ್ಟುಕೊಂಡರೆ 2026 ಅನ್ನುವ ಅಂಕಿಗೆ ಎರಡು ಅರ್ಥ. ಫಿಸ್ಕಲ್ ವರ್ಷಕ್ಕೆ ಶುರುವಾದ ವರ್ಷದ ಹೆಸರು ಇಡಬೇಕಾ, ಮುಗಿದ ವರ್ಷದ್ದಾ ಅನ್ನುವುದು ಮಾಡೆಲ್‌ನ ಸೆಟ್ಟಿಂಗ್‌ನಲ್ಲಿದೆ. ಎರಡೂ ಮಾಡೆಲ್ ತೆರೆದು ಅದನ್ನು ಓದಿಕೊಂಡೇ ಫಿಲ್ಟರ್ ಹಾಕಿ. ಪರೀಕ್ಷೆಗೆ ಮಾರ್ಚ್ ಮತ್ತು ಏಪ್ರಿಲ್ ಈ ಎರಡೇ ತಿಂಗಳು ಕಾಪಿ ಮಾಡಿ ನೋಡಿದರೆ ಸಾಕು, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮೂಲದಲ್ಲಿ ದಿನದ ಲೆಕ್ಕ ಇದ್ದು ಗುರಿಯಲ್ಲಿ ತಿಂಗಳದ್ದಾದರೆ ತಾನೇ ಕೂಡಿಕೊಳ್ಳುತ್ತದೆ. ಉಲ್ಟಾ ಆದರೆ, ಅಂದರೆ ವರ್ಷದ ಒಂದು ಅಂಕಿಯನ್ನು ಹನ್ನೆರಡು ತಿಂಗಳಿಗೆ ಹರಡಬೇಕೆಂದರೆ, ಅದನ್ನು ಕಾಪಿಯಿಂದ ನಿರೀಕ್ಷಿಸಬೇಡಿ. ಅಲೊಕೇಷನ್ ಸ್ಟೆಪ್ ಅಥವಾ ಫಾರ್ಮುಲಾ ಬೇಕು. ತೊಗರಿಯಂಥ ಬೆಳೆಗೆ ಸಮನಾಗಿ ಹನ್ನೆರಡರಿಂದ ಭಾಗಿಸಿದರೆ ಆಗಸ್ಟ್‌ನಲ್ಲೂ ಜನವರಿಯಷ್ಟೇ ಖರೀದಿ ತೋರಿಸುತ್ತದೆ, ಗಂಜ್‌ನಲ್ಲಿ ಯಾರಿಗಾದರೂ ತೋರಿಸಿದರೆ ನಗುತ್ತಾರೆ. ಹೋದ ವರ್ಷದ ನಿಜವಾದ ಖರೀದಿಯ ಪ್ರಮಾಣದಲ್ಲಿ ಹಂಚಿ.

ಲಕ್ಷ, ರೂಪಾಯಿ ಜಗಳವೂ ಇದೆ. ಒಂದು ಮಾಡೆಲ್‌ನಲ್ಲಿ ಪೂರ್ತಿ ರೂಪಾಯಿ ತುಂಬಿ, ಇನ್ನೊಂದರಲ್ಲಿ ಲಕ್ಷದಲ್ಲಿ ತುಂಬಿದ್ದರೆ 80,20,000 ಮತ್ತು 80.20 ಒಂದೇ ಕಾಲಂನಲ್ಲಿ ಕೂಡಿಕೊಳ್ಳುತ್ತವೆ. ಒಳಗೆ ಯಾವಾಗಲೂ ಪೂರ್ತಿ ರೂಪಾಯಿ ಇರಲಿ, ಸ್ಕೇಲ್ ಏನಿದ್ದರೂ ತೋರಿಸುವ ಹೊತ್ತಿಗೆ.

ಕಾಪಿಯೋ ಲಿಂಕೋ

ಕಾಪಿ ಸ್ಟೆಪ್ ಒಯ್ಯುತ್ತದೆ, ಕೂಡುತ್ತದೆ. ಗುಣಾಕಾರ ಭಾಗಾಕಾರದ ಕೆಲಸವನ್ನು ಅದಕ್ಕೆ ಹೇಳಬೇಡಿ. 1,000 ಕ್ವಿಂಟಲ್ ತೊಗರಿಗೆ ಶೇಕಡಾ 72 ಬೇಳೆ ಅಂತ ಹಿಡಿದರೆ 720 ಕ್ವಿಂಟಲ್, ಉಳಿದದ್ದು ನುಚ್ಚು, ಚುನ್ನಿ, ಹೊಟ್ಟು. ಈ ಲೆಕ್ಕ ಅಡ್ವಾನ್ಸ್ಡ್ ಫಾರ್ಮುಲಾದ್ದು. ಅದರಲ್ಲಿ ಲಿಂಕ್ ಅಂತ ಒಂದು ಫಂಕ್ಷನ್ ಇದೆ, ಬೇರೆ ಮಾಡೆಲ್‌ನ ಅಂಕಿಯನ್ನು ಕಾಪಿ ಮಾಡದೆ ಅಲ್ಲಿಂದಲೇ ಓದಿ ಲೆಕ್ಕಕ್ಕೆ ಬಳಸುತ್ತದೆ. ಹಾಗಾದರೆ ಎಲ್ಲವನ್ನೂ ಲಿಂಕ್‌ನಲ್ಲೇ ಮಾಡಬಹುದಲ್ವಾ ಅಂತ ಕೇಳುತ್ತಾರೆ. ಮಾಡಬಹುದು. ನಾನು ಮಾಡುವುದಿಲ್ಲ. ಸಾಲುಗಟ್ಟಲೆ ಡೇಟಾವನ್ನು ಕಾಪಿಯಿಂದ ಮೊದಲು ಗುರಿಗೆ ತಂದು ಲೆಕ್ಕವನ್ನು ಅಲ್ಲೇ ಮಾಡಿದರೆ, ಬಂದದ್ದು ಎಷ್ಟು, ಲೆಕ್ಕವಾದ ಮೇಲೆ ಎಷ್ಟು ಅಂತ ಎರಡೂ ಕಣ್ಣಿಗೆ ಕಾಣುತ್ತವೆ. ಲಿಂಕ್‌ನಲ್ಲಿ ಕೊನೆಯ ಉತ್ತರ ಮಾತ್ರ ಕಾಣುತ್ತದೆ. ಬೆಂಬಲ ಬೆಲೆ, ಇಳುವರಿ ಶೇಕಡಾ ಇಂಥ ಚಿಕ್ಕ ಊಹೆಯ ಅಂಕಿಗಳಿಗೆ ಲಿಂಕ್ ಹೇಳಿ ಮಾಡಿಸಿದ್ದು. ಒಂದೇ ಕಡೆ ಬದಲಿಸಿದರೆ ಸಾಕು.

ಓಡಿಸುವುದು

ಮೊದಲ ಸಲ ಪಬ್ಲಿಕ್ ವರ್ಷನ್, ಅಂದರೆ ಎಲ್ಲರಿಗೂ ಕಾಣುವ ಪ್ರತಿಯ, ಮೇಲೆ ಓಡಿಸಬೇಡಿ. ಅದರ ಒಂದು ಪ್ರೈವೇಟ್ ಪ್ರತಿ ಮಾಡಿಕೊಳ್ಳಿ, ಅದು ನಿಮಗೆ ಮಾತ್ರ ಕಾಣುತ್ತದೆ. ಅದರ ಮೇಲೆ ಓಡಿಸಿ. ಸ್ಟೋರಿಯಲ್ಲಿ ಎರಡು ಟೇಬಲ್ ಇಡಿ, ಒಂದು ಮೂಲದ್ದು, ಒಂದು ಗುರಿಯದ್ದು, ಎರಡರಲ್ಲೂ ತಿಂಗಳು ಅಡ್ಡಕ್ಕೆ, ಜಿಲ್ಲೆ ಉದ್ದಕ್ಕೆ. ಪೂರ್ತಿ ಮೊತ್ತ ಹೊಂದಿತು ಅಂತ ಖುಷಿಪಟ್ಟು ಬಿಡಬೇಡಿ. ಯಾದಗಿರಿಯದ್ದು ಬೀದರ್‌ಗೆ ಬಿದ್ದರೂ ಪೂರ್ತಿ ಮೊತ್ತ ಹೊಂದುತ್ತದೆ. ಜಿಲ್ಲೆವಾರು, ತಿಂಗಳವಾರು ನೋಡಿ. ಆಮೇಲೆ ಅದನ್ನೇ ಇನ್ನೊಮ್ಮೆ ಓಡಿಸಿ. ಎರಡನೆಯ ಸಲವೂ ಅದೇ ಅಂಕಿ ಬಂದರೆ ಅಂಕಿ ದುಪ್ಪಟ್ಟಾಗುತ್ತಿಲ್ಲ ಅಂತ ಅರ್ಥ.

ಸರಿ ಅನಿಸಿದ ಮೇಲೆ ಸ್ಟೋರಿಯಲ್ಲಿ ಡೇಟಾ ಆಕ್ಷನ್ ಟ್ರಿಗರ್ ಅಂತ ಬಟನ್ ಇಟ್ಟು ಬೇರೆಯವರಿಗೆ ಕೊಡಬಹುದು. ಪಬ್ಲಿಕ್ ವರ್ಷನ್ ಮೇಲೆ ಓಡಿದರೆ ಬದಲಾವಣೆ ತಕ್ಷಣ ಎಲ್ಲರಿಗೂ ಕಾಣುವುದಿಲ್ಲ, ಪಬ್ಲಿಶ್ ಮಾಡಬೇಕು. ಬಟನ್‌ನ ಸೆಟ್ಟಿಂಗ್‌ನಲ್ಲಿ ತಾನೇ ಪಬ್ಲಿಶ್ ಆಗುವ ಹಾಗೂ ಇಡಬಹುದು. ನಾನು ಓಡಿಸಿದೆ, ಅವರಿಗೆ ಕಾಣುತ್ತಿಲ್ಲ ಅನ್ನುವ ಫೋನ್‌ಗಳಲ್ಲಿ ಎಷ್ಟೋ ಪಬ್ಲಿಶ್ ಒತ್ತದೆ ಬಿಟ್ಟವು.

ಇನ್ನೊಂದು ತಮಾಷೆ ಎದುರಾಗುತ್ತದೆ: ಅದೇ ಬಟನ್ ಇಬ್ಬರು ಒತ್ತಿದರೆ ಎರಡು ಮೊತ್ತ. ಕಾರಣ ಹಕ್ಕುಗಳು. ತಾಲೂಕಿನ ಮೇಲೆ ಡೇಟಾ ಆಕ್ಸೆಸ್ ಕಂಟ್ರೋಲ್ ಹಾಕಿದ್ದರೆ, ಒತ್ತಿದವರಿಗೆ ಓದಲು ಹಕ್ಕಿಲ್ಲದ ತಾಲೂಕು ಅವರ ಕಾಪಿಯಲ್ಲಿ ಬರುವುದಿಲ್ಲ. ಬೀದರ್ ಶಾಖೆಯವರು ಒತ್ತಿದರೆ ಬೀದರ್ ಮಾತ್ರ. ಅಳಿಸುವ ಸ್ಟೆಪ್‌ಗೂ ಬರೆಯುವ ಹಕ್ಕಿನ ಇದೇ ಕಟ್ಟು ಇರುತ್ತದೆ, ಹಾಗಾಗಿ ಎರಡೂ ಮಾಡೆಲ್‌ನಲ್ಲಿ ಒಬ್ಬರ ಹಕ್ಕು ಒಂದೇ ಜಿಲ್ಲೆಗಳಿಗೆ ಹೊಂದಿರಬೇಕು. ಇಲ್ಲದಿದ್ದರೆ ಒಬ್ಬರು ಮೂರು ಜಿಲ್ಲೆ ಅಳಿಸಿ ಒಂದೇ ಜಿಲ್ಲೆ ತಂದು ಹಾಕುತ್ತಾರೆ. ಇದರಿಂದ ತಪ್ಪಿಸಿಕೊಳ್ಳಲು ಪೂರ್ತಿ ಹಕ್ಕಿರುವ ಒಬ್ಬರಿಗೇ ಕಾಪಿಯ ಕೆಲಸ ಕೊಡುವುದು ಸುಲಭದ ದಾರಿ. ಮುಗಿದ ತಿಂಗಳುಗಳಿಗೆ ಡೇಟಾ ಲಾಕ್ ಹಾಕಿದ್ದರೆ ಅಲ್ಲಿಯೂ ಬರೆಯಲು ಆಗುವುದಿಲ್ಲ, ಅದು ಒಳ್ಳೆಯದೇ.

ಸರಪಳಿ ಉದ್ದ ಆದರೆ, ಖರೀದಿಯಿಂದ ಉತ್ಪಾದನೆಗೆ, ಉತ್ಪಾದನೆಯಿಂದ ಬಜೆಟ್‌ಗೆ, ಬೇರೆ ಬೇರೆ ಡೇಟಾ ಆಕ್ಷನ್‌ಗಳನ್ನು ಮಲ್ಟಿ ಆಕ್ಷನ್‌ನಲ್ಲಿ ಕ್ರಮವಾಗಿ ಪೋಣಿಸಿ. ಪ್ರತಿ ಮಾಡೆಲ್‌ಗೆ ಬರೆದ ಮೇಲೆ ಪಬ್ಲಿಶ್ ಆಗಲಿ, ಇಲ್ಲದಿದ್ದರೆ ಮುಂದಿನದು ಹಳೆಯ ಅಂಕಿಯನ್ನೇ ಓದಬಹುದು. ಕ್ಯಾಲೆಂಡರ್‌ನಲ್ಲಿ ಟಾಸ್ಕ್ ಹಾಕಿ ರಾತ್ರಿ ತಾನೇ ಓಡುವ ಹಾಗೂ ಮಾಡಬಹುದು. ಆದರೆ ಹಂಗಾಮಿನ ಜೋರಿನಲ್ಲಿ, ಖರೀದಿಯವರು ರಾತ್ರಿ ಎಂಟಕ್ಕೂ ಅರ್ಧ ತಿದ್ದಿ ಎದ್ದು ಹೋಗುವ ದಿನಗಳಲ್ಲಿ, ಅವರು ಪಬ್ಲಿಶ್ ಮಾಡಿ ಫೋನ್ ಮಾಡಿದ ಮೇಲೆ ಕೈಯಿಂದಲೇ ಓಡಿಸುವುದು ವಾಸಿ.

ಅಂಕಿ ಹೊಂದಲಿಲ್ಲ ಅಂದಾಗ ಹುಡುಕುವ ಕ್ರಮ ಹೀಗಿರಲಿ. ಮೊದಲು ಮೂಲದ ವರ್ಷನ್ ಸರಿಯಾದದ್ದಾ, ಅದು ಪಬ್ಲಿಶ್ ಆಗಿದೆಯಾ ನೋಡಿ. ಆಮೇಲೆ ತಿಂಗಳ ಫಿಲ್ಟರ್. ಆಮೇಲೆ ಪ್ರಾಪರ್ಟಿಯಲ್ಲಿ ಖಾಲಿ ಸಾಲು, ಐಡಿಯಲ್ಲಿ ಸ್ಪೇಸ್ ಅಥವಾ ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ. ಆಮೇಲೆ ಹಕ್ಕು, ಲಾಕ್. ಇಷ್ಟಾದರೂ ಸಿಗದಿದ್ದರೆ ಡೇಟಾ ಆಕ್ಷನ್‌ನ ಟ್ರೇಸಿಂಗ್ ತೆರೆಯಿರಿ, ಅಳಿಸಿದ ಮೇಲೆ ಏನು ಉಳಿಯಿತು, ಕಾಪಿ ಆದ ಮೇಲೆ ಏನು ಬಂತು ಅಂತ ಸ್ಟೆಪ್ ಸ್ಟೆಪ್‌ಗೂ ತೋರಿಸುತ್ತದೆ. ಒಂದೇ ಜಿಲ್ಲೆ, ಒಂದೇ ತಿಂಗಳು ಇಟ್ಟುಕೊಂಡು ನೋಡಿ. ಪೂರ್ತಿ ವರ್ಷ ಹಾಕಿ ಕೂತರೆ ಸಾಲುಗಳ ನಡುವೆ ನೀವೇ ಕಳೆದುಹೋಗುತ್ತೀರಿ.